ಕಾಳಗಕ್ಕೆ ಇಳಿಯದ ನಾಲ್ಕು ಯುದ್ಧನೌಕೆಗಳು

1942ರ ಏಪ್ರಿಲ್‌ನಲ್ಲಿ ಬ್ರಿಟಿಷರ ನಾಲ್ಕು ಭಾರೀ ಯುದ್ಧನೌಕೆಗಳು ಜಪಾನಿ ನೌಕಾಪಡೆಯ ಮೇಲೆ ಒಂದೇ ಒಂದು ಗುಂಡು ಹಾರಿಸದೆ ಹಿಂದೂ ಮಹಾಸಾಗರ ದಾಟಿ ಕೀನ್ಯಾಕ್ಕೆ ಹೋಗಿಬಿಟ್ಟವು. ಈ ವಿಷಯ ಬಂದಾಗಲೆಲ್ಲ ‘ಬ್ರಿಟಿಷರು ಹೆದರಿ ಓಡಿದರು’ ಅನ್ನುವ ಮಾತು ಬಂದೇ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಆ ಹಡಗುಗಳನ್ನು, ಅದರಲ್ಲಿದ್ದ ಸಾವಿರಾರು ಹುಡುಗರನ್ನು ಸುಮ್ನೆ ಮಾನ ಉಳಿಸಿಕೊಳ್ಳೋಕೆ ಬಲಿ ಕೊಡಲಿಲ್ಲವಲ್ಲ, ಅದು ಆ ಪಡೆಯ ನಾಯಕ ಅಡ್ಮಿರಲ್ ಜೇಮ್ಸ್ ಸಾಮರ್ವಿಲ್ ಮಾಡಿದ ದೊಡ್ಡ ಕೆಲಸ. ತಪ್ಪು ಆಗಿದ್ದು ನಿಜ, ಆದರೆ ಅದು ಆಗಿದ್ದು ಬೇರೆ ಕಡೆ.

ಹಡಗುಗಳ ಹೆಸರು ರೆಸಲ್ಯೂಷನ್, ರಿವೆಂಜ್, ರಾಮಿಲೀಸ್, ರಾಯಲ್ ಸಾವರಿನ್. ಒಟ್ಟಿಗೆ ಇವು ಮೂರನೇ ಬ್ಯಾಟಲ್ ಸ್ಕ್ವಾಡ್ರನ್, ಅಂದರೆ ಯುದ್ಧನೌಕೆಗಳ ಒಂದು ತಂಡ. ಇದೇ ಸಾಲಿನ ಐದನೆಯದು ರಾಯಲ್ ಓಕ್. ಅದನ್ನು 1939ರ ಅಕ್ಟೋಬರ್‌ನಲ್ಲೇ ಜರ್ಮನ್ ಸಬ್‌ಮೆರೀನ್ ಒಂದು ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ನೆಲೆಯ ಒಳಗೇ ನುಗ್ಗಿ ಮುಳುಗಿಸಿತ್ತು. 800ಕ್ಕೂ ಹೆಚ್ಚು ಜನ ಸತ್ತರು.

ಒಂದೊಂದು ಹಡಗಿನಲ್ಲೂ 15 ಇಂಚಿನ ಎಂಟು ಫಿರಂಗಿ. ಒಂದು ಗುಂಡಿನ ತೂಕವೇ ಸುಮಾರು 880 ಕೆಜಿ. ಕೇಳೋಕೆ ಭಯಂಕರ ಅಲ್ವಾ? ಆದರೆ ಇವು ಮೊದಲ ಮಹಾಯುದ್ಧದ ಕಾಲದ ಹಡಗುಗಳು. ಆ ಫಿರಂಗಿಗಳನ್ನು 20 ಡಿಗ್ರಿಗಿಂತ ಮೇಲೆ ಎತ್ತೋಕೆ ಆಗುತ್ತಿರಲಿಲ್ಲ. ಹಾಗಾಗಿ ಗುಂಡು 21 ಕಿ.ಮೀ. ಆಸುಪಾಸಿಗೆ ಬಿದ್ದುಬಿಡುತ್ತಿತ್ತು. ಎದುರಿಗೆ ಬಂದ ಜಪಾನಿನ ಕೊಂಗೋ ಸಾಲಿನ ಯುದ್ಧನೌಕೆಗಳು 35 ಕಿ.ಮೀ. ದೂರದಿಂದಲೇ ಹೊಡೆಯಬಲ್ಲವು. ವೇಗ 30 ನಾಟ್, ಅಂದರೆ ಗಂಟೆಗೆ ಸುಮಾರು 56 ಕಿ.ಮೀ. ನಮ್ಮ ಈ ನಾಲ್ಕು ಮುದಿ ಹಡಗುಗಳು 18 ನಾಟ್ ಓಡಿದರೆ ಹೆಚ್ಚು. ಅಂದರೆ ವಿಮಾನಗಳ ಲೆಕ್ಕ ಬಿಟ್ಟು ಬರೀ ಫಿರಂಗಿ ಕಾಳಗ ನಡೆದಿದ್ದರೂ ಹತ್ತಿರ ಹೋಗುವುದು, ಬಿಡುವುದು ಎರಡೂ ಎದುರಾಳಿಯ ಕೈಯಲ್ಲೇ ಇರುತ್ತಿತ್ತು. ಇನ್ನೂ ಒಂದು ಮಾತು. ಆ ಕೊಂಗೋ ಹಡಗನ್ನು ಜಪಾನಿಗೆ ಕಟ್ಟಿಕೊಟ್ಟಿದ್ದು ಬ್ರಿಟನ್ನಿನ ವಿಕರ್ಸ್ ಕಂಪನಿಯೇ! ಜಪಾನಿಗಳು ಆಮೇಲೆ ಅದನ್ನು ಬಿಚ್ಚಿ ಹೊಸದರಂತೆ ಮಾಡಿಕೊಂಡರು. ಬ್ರಿಟಿಷರು 1930ರ ದಶಕದಲ್ಲಿ ವಾರ್‌ಸ್ಪೈಟ್‌ನಂಥ ಕೆಲವಕ್ಕೆ ದುಡ್ಡು ಹಾಕಿದರು, ಈ ನಾಲ್ಕನ್ನು ಹಾಗೇ ಬಿಟ್ಟರು.

ನೀರಿನ ಕಥೆ ಇನ್ನೂ ಕಷ್ಟದ್ದು. ಇವು ಸ್ಕಾಟ್ಲೆಂಡಿನ ಆಚೆಯ ಚಳಿ ಸಮುದ್ರಕ್ಕೆ ಅಂತ ಕಟ್ಟಿದ ಹಡಗುಗಳು. ಸಮಭಾಜಕದ ಹತ್ತಿರ ಏಪ್ರಿಲ್ ಬಿಸಿಲಿಗೆ ಕಬ್ಬಿಣದ ಗೋಡೆ ಕಾದು, ಒಳಗೆ ಬಾಯ್ಲರ್ ಉರಿದು, ಕೆಳಗಿನ ಕೋಣೆಗಳಲ್ಲಿ ಇರೋಕೇ ಆಗದ ಸೆಕೆ. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳು ಹಳೆಯವು. ಅದರಿಂದ ಬರುವ ನೀರು ಬಾಯ್ಲರಿಗೂ ಬೇಕು, ಸಾವಿರ ಜನರ ಬಾಯಾರಿಕೆಗೂ ಬೇಕು. ಯುದ್ಧದ ದಿಕ್ಕನ್ನೇ ಈ ನೀರು ಬದಲಿಸಿತು ಅಂದರೆ ಅತಿಶಯೋಕ್ತಿ ಅಲ್ಲ.

ಆಗಿದ್ದು ಹೀಗೆ. ಜಪಾನಿಗಳು ಏಪ್ರಿಲ್ 1ರ ಹೊತ್ತಿಗೆ ಸಿಲೋನಿನ (ಈಗಿನ ಶ್ರೀಲಂಕಾ) ಮೇಲೆ ಬೀಳುತ್ತಾರೆ ಅಂತ ಗುಪ್ತಚರ ಸುದ್ದಿ ಬಂತು. ಸಾಮರ್ವಿಲ್ ತನ್ನ ಪಡೆಯನ್ನೆಲ್ಲ ಕಟ್ಟಿಕೊಂಡು ದ್ವೀಪದ ದಕ್ಷಿಣಕ್ಕೆ ಹೋಗಿ ಕಾದ. ಯಾರೂ ಬರಲಿಲ್ಲ. ಅಷ್ಟರಲ್ಲಿ ಈ ನಾಲ್ಕು ಹಡಗುಗಳಲ್ಲಿ ನೀರು ಖಾಲಿಯಾಗುತ್ತಾ ಬಂತು. ಏಪ್ರಿಲ್ 2ರ ರಾತ್ರಿ ಎಲ್ಲರೂ 600 ಮೈಲಿ ದೂರದ ಮಾಲ್ಡೀವ್ಸ್‌ನ ಅಡ್ಡು ಹವಳದ್ವೀಪಕ್ಕೆ ಹೊರಟರು. ಅದು ಬ್ರಿಟಿಷರ ಗುಟ್ಟಿನ ನೆಲೆ. ಅಲ್ಲಿಗೆ ತಲುಪಿದ ದಿನವೇ, ಏಪ್ರಿಲ್ 4ರಂದು, ಕೆನಡಾದ ಲಿಯೊನಾರ್ಡ್ ಬರ್ಚಾಲ್ ಹಾರಿಸುತ್ತಿದ್ದ ಕ್ಯಾಟಲಿನಾ ಗಸ್ತು ವಿಮಾನ ಸಿಲೋನಿನ ಆಗ್ನೇಯಕ್ಕೆ ಜಪಾನಿ ಪಡೆಯನ್ನು ನೋಡಿತು. ಸುದ್ದಿ ಕಳಿಸುತ್ತಿರುವಾಗಲೇ ವಿಮಾನವನ್ನು ಹೊಡೆದುರುಳಿಸಿದರು. ಬರ್ಚಾಲ್ ಸೆರೆ ಸಿಕ್ಕ, ಬದುಕುಳಿದ.

ಪರ್ಲ್ ಹಾರ್ಬರ್‌ಗೆ ಬೆಂಕಿಯಿಟ್ಟ ಜಪಾನಿ ಅಡ್ಮಿರಲ್ ನಗುಮೋನ ಪಡೆಯೇ ಇದು. ಐದು ವಿಮಾನವಾಹಕ ನೌಕೆಗಳು. ಅವುಗಳ ಎದುರು ಸಾಮರ್ವಿಲ್ ಬಳಿ ಇದ್ದ ವಿಮಾನಗಳು ನೂರರ ಆಸುಪಾಸು. ಇದಕ್ಕೆ ನಾಲ್ಕು ತಿಂಗಳ ಹಿಂದೆ, ಡಿಸೆಂಬರ್ 10ರಂದು, ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಎರಡು ದೊಡ್ಡ ಹಡಗುಗಳನ್ನು ಜಪಾನಿ ವಿಮಾನಗಳು ಮಲಯಾ ತೀರದಲ್ಲಿ ಮುಳುಗಿಸಿದ್ದವು. 840 ಜನ ಹೋದರು. ಆ ಹಡಗುಗಳ ಮೇಲೆ ಕಾವಲಿಗೆ ವಿಮಾನಗಳಿರಲಿಲ್ಲ. ಇದನ್ನು ನೋಡಿದ ಯಾವ ಅಡ್ಮಿರಲ್ ತಾನೇ ಹಳೆಯದಾದ, ಇನ್ನೂ ನಿಧಾನವಾದ ನಾಲ್ಕು ಹಡಗುಗಳನ್ನು ಹಗಲು ಬೆಳಕಿನಲ್ಲಿ ಎದುರು ನಿಲ್ಲಿಸುತ್ತಾನೆ?

ಸಾಮರ್ವಿಲ್ ಪುಕ್ಕಲನೂ ಅಲ್ಲ. 1940ರ ಜುಲೈನಲ್ಲಿ ಅಲ್ಜೀರಿಯಾದ ಮೆರ್ಸ್ ಎಲ್ ಕೆಬೀರ್ ಬಂದರಿನಲ್ಲಿ, ನಿನ್ನೆ ಮೊನ್ನೆವರೆಗೆ ಜೊತೆಗಿದ್ದ ಫ್ರೆಂಚರ ಮೇಲೆಯೇ ಗುಂಡು ಹಾರಿಸಬೇಕಾಗಿ ಬಂದವನು. ಸುಮಾರು 1,300 ಫ್ರೆಂಚ್ ನಾವಿಕರು ಅಲ್ಲಿ ಸತ್ತರು. ಮನಸ್ಸಿಲ್ಲದಿದ್ದರೂ ಆಜ್ಞೆ ಪಾಲಿಸಿದ್ದ. ಆವತ್ತು ಗುಂಡು ಹಾರಿಸಿದ ಹಡಗುಗಳಲ್ಲಿ ಇದೇ ರೆಸಲ್ಯೂಷನ್ ಕೂಡ ಇತ್ತು. ಹಿಂದೂ ಮಹಾಸಾಗರದಲ್ಲೂ ಅವನಿಗೊಂದು ಯೋಜನೆ ಇತ್ತು. ಹಗಲು ದೂರ ಇರುವುದು, ರಾತ್ರಿ ರಾಡಾರ್ ಇದ್ದ ಅಲ್ಬಕೋರ್ ವಿಮಾನಗಳಿಂದ ಟಾರ್ಪೆಡೊ ಬಿಡುವುದು. ಏಪ್ರಿಲ್ 5ರಂದು ಎರಡೂ ಪಡೆಗಳ ನಡುವೆ 200 ಮೈಲಿಗೂ ಕಡಿಮೆ ಅಂತರ ಇತ್ತು. ಆದರೂ ರಾತ್ರಿ ಎದುರಾಳಿ ಸಿಗಲಿಲ್ಲ. ನಗುಮೋಗೂ ಇವರು ಸಿಗಲಿಲ್ಲ. ಸಿಕ್ಕಿದ್ದರೆ ಹಿಂದೆ ನಿಧಾನವಾಗಿ ಬರುತ್ತಿದ್ದ ಆ ನಾಲ್ಕು ಹಡಗುಗಳ ಗತಿ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಭಾನುವಾರ ಈಸ್ಟರ್. ಬೆಳಿಗ್ಗೆ ಕೊಲಂಬೊ ಮೇಲೆ ಬಾಂಬ್ ಬಿತ್ತು. ಮಧ್ಯಾಹ್ನ ಪಡೆಯನ್ನು ಸೇರಿಕೊಳ್ಳಲು ಬರುತ್ತಿದ್ದ ಡಾರ್ಸೆಟ್‌ಶೈರ್, ಕಾರ್ನ್‌ವಾಲ್ ಕ್ರೂಸರ್‌ಗಳು ಕೆಲವೇ ನಿಮಿಷಗಳಲ್ಲಿ ಮುಳುಗಿದವು. 424 ಜನ ಸತ್ತರು. ಉಳಿದ ಸಾವಿರಕ್ಕೂ ಹೆಚ್ಚು ಜನ ಮರುದಿನದವರೆಗೆ ನೀರಿನಲ್ಲೇ ಇದ್ದರು. 9ರಂದು ಟ್ರಿಂಕೋಮಲಿ ಮೇಲೆ ದಾಳಿ. ಹರ್ಮಿಸ್ ವಿಮಾನವಾಹಕ ನೌಕೆ ಮುಳುಗಿದಾಗ ಅದರ ಮೇಲೆ ಒಂದು ವಿಮಾನವೂ ಇರಲಿಲ್ಲ. ಈ ಮೂರೂ ಹಡಗುಗಳನ್ನು ಪಡೆಯಿಂದ ಬೇರೆ ಮಾಡಿ ಕಳಿಸಿದ್ದು ಸಾಮರ್ವಿಲ್‌ನ ತಪ್ಪೇ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದು ಹೆದರಿ ಮಾಡಿದ ತಪ್ಪಲ್ಲ, ಅಪಾಯ ಮುಗಿಯಿತು ಅಂತ ನಂಬಿ ಮಾಡಿದ್ದು.

ಸ್ಕ್ವಾಡ್ರನ್ನು ಮೊಂಬಾಸಾದ ಕಿಲಿಂಡಿನಿ ಬಂದರಿಗೆ ಹೋಯಿತು. ಅಲ್ಲಿಂದ ಆಫ್ರಿಕಾ ತೀರದ ಉದ್ದಕ್ಕೂ ಹೋಗುವ ಸೈನ್ಯದ ಹಡಗುಗಳಿಗೆ ಕಾವಲು ನಿಂತಿತು. ಈಜಿಪ್ಟಿಗೆ, ಭಾರತಕ್ಕೆ ಹೋಗುವ ಸೈನ್ಯ, ಸಾಮಾನು ಎಲ್ಲ ಆ ದಾರಿಯಲ್ಲೇ ಹೋಗುತ್ತಿತ್ತು. ರಾಮಿಲೀಸ್ 1944ರ ಜೂನ್ 6ರಂದು ನಾರ್ಮಂಡಿ ತೀರದಲ್ಲಿ ಜರ್ಮನ್ ಫಿರಂಗಿಗಳ ಮೇಲೆ ಗುಂಡು ಸುರಿಸಿತು. ಅದರದೊಂದು, ರೆಸಲ್ಯೂಷನ್ನಿನದೊಂದು ಫಿರಂಗಿ ಇವತ್ತಿಗೂ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಮುಂದೆ ಇವೆ. ಒಂದೊಂದೂ 100 ಟನ್.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಹಡಗುಗಳು ಪಶ್ಚಿಮದ ಕಡೆ ಇದ್ದಾಗ ಬಂಗಾಳ ಕೊಲ್ಲಿ ಅನಾಥವಾಯಿತು. ಅಡ್ಮಿರಲ್ ಒಝಾವಾನ ಇನ್ನೊಂದು ಜಪಾನಿ ಪಡೆ ಅಲ್ಲಿ 23 ವ್ಯಾಪಾರಿ ಹಡಗುಗಳನ್ನು ಮುಳುಗಿಸಿತು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಬಿತ್ತು. ಮದ್ರಾಸಿನಲ್ಲಿ ಸರ್ಕಾರಿ ಕಚೇರಿಗಳೇ ಗಂಟುಮೂಟೆ ಕಟ್ಟಿ ಒಳನಾಡಿಗೆ ಹೊರಟವು, ಲಕ್ಷಾಂತರ ಜನ ಊರು ಬಿಟ್ಟರು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಯನ್ನೆಲ್ಲ ಆಗ ಆಳುತ್ತಿದ್ದದ್ದು ಅದೇ ಮದ್ರಾಸ್ ಸರ್ಕಾರ. ಇದಕ್ಕೆ ಸಾಮರ್ವಿಲ್‌ನನ್ನು ಬೈದರೆ ಪ್ರಯೋಜನ ಇಲ್ಲ. ಈ ಕರಾವಳಿಯಿಂದ ನೂರೈವತ್ತು ವರ್ಷ ಲಾಭ ಮಾಡಿಕೊಂಡು, ಕಷ್ಟ ಬಂದಾಗ ಕಾಯೋಕೆ 1916-17ರ ಹಡಗುಗಳನ್ನು ಕಳಿಸಿದ್ದು ಲಂಡನ್ ಸರ್ಕಾರ. ಲೆಕ್ಕ ಕೇಳಬೇಕಾದ್ದು ಅವರನ್ನು.