ಬೆಳಕಿನ ಪೆನ್ನು, ಬೆನ್ನಿನ ನೋವು

ಫ್ರಾನ್ಸಿನ ಟುಲೂಸ್‌ಗೆ ಬಂದ ಮೇಲೆ ನನಗೆ ಅಂಟಿದ ಚಟ ವೀದ್-ಗ್ರೆನಿಯೇ. ಅಂದರೆ ಅಟ್ಟ ಖಾಲಿ ಮಾಡುವ ಸಂತೆ. ಭಾನುವಾರ ಜನ ಹಳೇ ಸಾಮಾನೆಲ್ಲ ಬೀದಿಗೆ ತಂದು ಹರಡಿಕೊಂಡು ಕೂರುತ್ತಾರೆ. ಅವರ ಅಟ್ಟ ಖಾಲಿ, ನಮ್ಮ ಮನೆ ಭರ್ತಿ.

ಹೋದ ತಿಂಗಳು ಅಲ್ಲಿ ಥಾಮ್ಸನ್ ಎಂಒ5 ಸಿಕ್ಕಿತು. 1984ರ ಫ್ರೆಂಚ್ ಕಂಪ್ಯೂಟರ್. ಕೀಲಿಗಳೆಲ್ಲ ರಬ್ಬರ್, ಒತ್ತಿದರೆ ಹಳೇ ಇಡ್ಲಿ ಅಮುಕಿದ ಹಾಗೆ. ಮೆಮೊರಿ 48 ಕೆಬಿ.

"ರೀ, ಇದರಲ್ಲಿ ನಮ್ಮದೊಂದು ಫೋಟೋನಾದ್ರೂ ಹಿಡಿಯುತ್ತಾ?"

"ಇಲ್ಲ. ಆದ್ರೆ ಲೈಟ್ ಪೆನ್ ಇದೆ! ಟಿವಿ ಮೇಲೇ ಬರೀಬಹುದು."

ಟಿವಿಗೆ ಜೋಡಿಸಿದೆ. ಮೊದಲು ಸಂಗೀತ. ಇದರಲ್ಲಿ ಪ್ರೋಗ್ರಾಂ ಬರೆಯುವ ಭಾಷೆ ಬೇಸಿಕ್. ಅದರಲ್ಲಿ PLAY ಎಂದು ಬರೆದು ಪಕ್ಕದಲ್ಲಿ ದೋ ರೇ ಮಿ ಎಂದು ಸ್ವರದ ಹೆಸರನ್ನೇ ಕೊಟ್ಟರೆ ಸಾಕು, ನುಡಿಸುತ್ತದೆ. ಆದರೆ ಫ್ರೆಂಚರ ಕೀಬೋರ್ಡಿನಲ್ಲಿ ಎ ಇರಬೇಕಾದ ಜಾಗದಲ್ಲಿ ಕ್ಯೂ ಕೂತಿದೆ. ನನ್ನ ಬೆರಳು ಮೂರು ಸಲ ಪಿ-ಎಲ್-ಕ್ಯೂ-ವೈ ಎಂದೇ ಒತ್ತಿತು. ನಾಲ್ಕನೇ ಸಲ ಸರಿಯಾಯಿತು. ನನ್ನವಳು ಖುಷಿಯಾಗಿ "ಸರಿಗಮ ಕೊಡಿ" ಎಂದಳು. ಕೊಟ್ಟೆ. ಎರರ್.

"ಸರಿಗಮಾನೇ ಬರಲ್ಲ, ಇದಕ್ಕೆ 30 ಯೂರೋನಾ?"

ಮಾನ ಉಳಿಸಿಕೊಳ್ಳಲು ಪೆನ್ ಹಿಡಿದೆ. ಪೆನ್ ಇಟ್ಟ ಜಾಗ ಹೇಳುವ ಪುಟ್ಟ ಪ್ರೋಗ್ರಾಂ ಬರೆದು ಗಾಜಿಗೆ ಒತ್ತಿದೆ. -1, -1. ಮೂಲೆಗೆ ಒತ್ತಿದೆ. -1, -1. ಶಾಲೆಯಲ್ಲೂ ನನಗೆ ಸೊನ್ನೆಗಿಂತ ಕೆಳಗೆ ಬಂದಿರಲಿಲ್ಲ. ಪೆನ್ ಕೊಡವಿದೆ, ಊದಿದೆ, ಪಂಚೆಯಲ್ಲಿ ಒರೆಸಿದೆ.

ಕೆಳಗಿನ ಮನೆಯ ಅಜ್ಜಿ ಬಂದು ನೋಡಿ ನಕ್ಕುಬಿಟ್ಟರು. ಅವರು ನಿವೃತ್ತ ಟೀಚರ್. 1985ರಲ್ಲಿ 'ಎಲ್ಲರಿಗೂ ಕಂಪ್ಯೂಟರ್' ಎಂದು ಇಲ್ಲಿನ ಸರ್ಕಾರ ಶಾಲೆಗಳಿಗೆ ಲಕ್ಷಕ್ಕೂ ಜಾಸ್ತಿ ಯಂತ್ರ ಹಂಚಿತ್ತು. ಅದರಲ್ಲಿ ಥಾಮ್ಸನ್‌ದೇ ದರ್ಬಾರು. ಈ ಪೆನ್ ಬರೆಯುವುದಲ್ಲವಂತೆ, ನೋಡುವುದಂತೆ. ಹಳೇ ಟಿವಿಯಲ್ಲಿ ಬೆಳಕಿನ ಚುಕ್ಕಿ ಸಾಲು ಸಾಲಾಗಿ ಓಡುತ್ತಾ ಸೆಕೆಂಡಿಗೆ 50 ಸಲ ಪರದೆ ತುಂಬುತ್ತದೆ. ಅದು ಪೆನ್ನಿನ ಮುಂದೆ ಹಾದ ಗಳಿಗೆ ನೋಡಿ ಕಂಪ್ಯೂಟರ್ ಜಾಗ ಲೆಕ್ಕ ಹಾಕುತ್ತದೆ. ನಮ್ಮ ಚಪ್ಪಟೆ ಟಿವಿಯಲ್ಲಿ ಓಡುವ ಚುಕ್ಕಿಯೇ ಇಲ್ಲ. ಪಾಪ, ಪೆನ್ ಬಸ್ಸೇ ಬಾರದ ಸ್ಟಾಪಿನಲ್ಲಿ ಕಾಯುತ್ತಿತ್ತು.

"ನನ್ನ ಹಳೇ ಟಿವಿ ತಗೊಂಡು ಹೋಗಿ" ಎಂದರು ಅಜ್ಜಿ. ಮೂರು ಮಹಡಿ, ಲಿಫ್ಟ್ ಇಲ್ಲ. ಆ ಟಿವಿಯ ಹಿಂಭಾಗ ಏಳು ತಿಂಗಳ ಬಸುರಿಯಂತಿತ್ತು. ಎರಡನೇ ಮಹಡಿಯಲ್ಲೇ ನನ್ನ ಬೆನ್ನು ಲಟಕ್ ಅಂತು.

ಆದರೆ ಪೆನ್ ಬರೆಯಿತು! ಸೋಫಾದಲ್ಲಿ ಮಲಗಿಕೊಂಡೇ ಚಪ್ಪಾಳೆ ತಟ್ಟಿದೆ. ನನ್ನವಳು ರಂಗೋಲಿ ಶುರು ಮಾಡಿದಳು. ಹಳದಿ ಹೂವಿನ ಪಕ್ಕ ಹಸಿರು ಎಲೆ ಎಳೆದಳು. ಹೂವಿನ ಅರ್ಧ ಹಸಿರಾಯಿತು. ಈ ಯಂತ್ರದಲ್ಲಿ ಬಣ್ಣ 16 ಇವೆ, ಆದರೆ ಅಡ್ಡಸಾಲಿನ ಪ್ರತಿ 8 ಚುಕ್ಕಿಗೆ ಎರಡೇ ಬಣ್ಣ. ಅದರಲ್ಲೊಂದು ಹಿನ್ನೆಲೆಗೇ ಹೋಗುತ್ತದೆ.

"ಇದನ್ನ ವಾಪಸ್ ಕೆಳಗೆ ಇಳಿಸೋದು ಯಾವಾಗ?" ಎಂದಳು, ಟಿವಿ ಕಡೆ ನೋಡುತ್ತಾ.

ನಾನು ಬೆನ್ನಿಗೆ ಬಿಸಿನೀರಿನ ಚೀಲ ಕೇಳಿದೆ.