ಬ್ಲಾಕಿನ ಮೇಲಿನ ಸಂಖ್ಯೆ ಓದದೆ ಟರ್ಬೊ ಕೂರಿಸುವವರಿಗೆ

ಕಾಸರಗೋಡು ಜಿಲ್ಲೆಯ ಉಪ್ಪಳದ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ನಿನ್ನೆ ಬಿಚ್ಚಿಟ್ಟಿದ್ದ ಮರ್ಸಿಡಿಸ್ 300ಡಿ ಕಾರಿನ ಪಿಸ್ಟನ್ ನೋಡಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ. ಪಿಸ್ಟನ್ನಿನ ನೆತ್ತಿ ಒಂದು ಅಂಚಿನಲ್ಲಿ ಕರಗಿತ್ತು, ಮೇಲಿನ ರಿಂಗ್ ತನ್ನ ತೋಡಿನಲ್ಲೇ ಕಚ್ಚಿಕೊಂಡಿತ್ತು. "ಕಂಪನಿಯಿಂದಲೇ ಬಂದ ಟರ್ಬೊ" (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಎಂಬ ಮಾತನ್ನು ನಂಬಿ ಕೊಂಡ ಗೆಳೆಯರು ಪಕ್ಕದಲ್ಲಿ ಮಾತಿಲ್ಲದೆ ನಿಂತಿದ್ದರು. ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕಿನ ಮೇಲಿನ ಗ್ರೀಸನ್ನು ಬಟ್ಟೆಯಿಂದ ಒರೆಸಿದಾಗ ಕಂಡ ಸಂಖ್ಯೆ 617.912.

ಹಳೆಯ ಡೀಸೆಲ್ ಎಂಜಿನ್‌ಗಳ ಬಗ್ಗೆ ನನಗಿರುವ ಹುಚ್ಚು ನಿಮಗೆ ಗೊತ್ತಿರುವುದೇ. ಮರ್ಸಿಡಿಸ್ ಕಾರ್ಖಾನೆಯ ಲೆಕ್ಕದಲ್ಲಿ 617 ಎಂದರೆ ಐದು ಸಿಲಿಂಡರಿನ ಮೂರು ಲೀಟರ್ ಡೀಸೆಲ್ ಎಂಜಿನ್; ಚುಕ್ಕಿಯ ನಂತರದ ಅಂಕಿಗಳು ಅದು ಯಾವ ರೂಪದಲ್ಲಿ ತಯಾರಾಯಿತೆಂಬುದರ ಗುರುತು. 912 ಎಂಬುದು ಟರ್ಬೊ ಇಲ್ಲದ, ಮೊದಲು 80, ಆಮೇಲೆ 88 ಅಶ್ವಶಕ್ತಿಯ ಎಂಜಿನ್. ಡಬ್ಲ್ಯು123 ಎಂಬ ಸರಣಿಯ ಇದೇ ಕಾರಿಗೆ ಕಾರ್ಖಾನೆಯೇ ಟರ್ಬೊ ಕೊಟ್ಟಾಗ ಸಂಖ್ಯೆ 617.952 ಆಯಿತು, ದಾಖಲೆಯಲ್ಲಿ ಡಿ30ಎ ಎಂದು ಬರೆಯಲಾಯಿತು. ಕೊನೆಯ 'ಎ' ಗಾಳಿಯನ್ನು ಒತ್ತಿ ತುಂಬುವ ವ್ಯವಸ್ಥೆಯ ಗುರುತು. ಆದರೆ ಆ ಅಕ್ಷರದ ಹಿಂದೆ ಟರ್ಬೊ ಒಂದೇ ಇಲ್ಲ. ಪಿಸ್ಟನ್ನಿನ ಅಡಿಗೆ ಎಣ್ಣೆ ಚಿಮ್ಮಿಸಿ ತಂಪಾಗಿಸುವ ನಳಿಕೆಗಳು ಬ್ಲಾಕಿನೊಳಗೇ ಇವೆ. 912ರಲ್ಲಿ ಅವು ಇಲ್ಲ. ಹೊರಗಿನಿಂದ ಟರ್ಬೊ ಬಿಗಿದು, ಎಳೆತ ಸಾಲದೆಂದು ಪಂಪಿನಲ್ಲಿ ಡೀಸೆಲ್ ಹೆಚ್ಚಿಸಿದರೆ ಆ ಬಿಸಿಯೆಲ್ಲ ಹೋಗುವುದಾದರೂ ಎಲ್ಲಿಗೆ?

"ಎಂತ ನಂಬರ್ ಮಾರಾಯ್ರೇ, ಓಡಿದರೆ ಸಾಲದಾ?" ಎಂದು ಅಲ್ಲೇ ಒಬ್ಬರು ಕೇಳಿದರು. ಬಜಾಜ್ ಟೆಂಪೋ ಪರವಾನಗಿ ಪಡೆದು ತಯಾರಿಸಿದ, ಇದೇ ವಂಶದ ನಾಲ್ಕು ಸಿಲಿಂಡರಿನ 616 ಎಂಜಿನ್ನನ್ನು ನಮ್ಮ ಮೆಕ್ಯಾನಿಕ್‌ಗಳು ಟ್ರ್ಯಾಕ್ಸ್ ವಾಹನಗಳಲ್ಲಿ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಾರೆ, ಸಂಖ್ಯೆ ನೋಡುತ್ತ ಕೂರುವುದಿಲ್ಲ ಎಂಬುದು ಅವರ ವಾದ. ಆ ಕೈಚಳಕದ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಎಷ್ಟು ಪಳಗಿದ ಕೈಯಾದರೂ ಇಲ್ಲದ ನಳಿಕೆಯಿಂದ ಎಣ್ಣೆ ಚಿಮ್ಮಿಸಲಾರದು. ಟರ್ಬೊದ ಒತ್ತಡವನ್ನು ಕಡಿಮೆಯಿಟ್ಟು, ಡೀಸೆಲ್ ಹೆಚ್ಚಿಸದೆ ಬಿಟ್ಟರೆ ಇಂಥ ಎಂಜಿನ್ ಬಾಳಿಕೆ ಬರಬಹುದು, ಒಪ್ಪುತ್ತೇನೆ; ಆದರೆ ಹಾಗೆ ಬಿಟ್ಟರೆ ಕೊಳ್ಳುವವರ ಮುಂದೆ ಹೇಳಿಕೊಳ್ಳುವಂಥ ಎಳೆತವೂ ಸಿಗದು, ಆದ್ದರಿಂದ ಮಾರುವವರು ಹಾಗೆ ಬಿಡುವುದೇ ಇಲ್ಲ.

ನನಗೆ ಸಹಿಸಲಾಗದ್ದು ಮಾರ್ಪಾಡಲ್ಲ, ಅದನ್ನು ಕಾರ್ಖಾನೆಯ ಹೆಸರಿನಲ್ಲಿ ಮಾರುವುದು. ಸಂಖ್ಯೆ ಬ್ಲಾಕಿನ ಮೇಲೆಯೇ ಇತ್ತು. ಮಾರಿದವರು ತೋರಿಸಲಿಲ್ಲ, ಟರ್ಬೊ ಕೂರಿಸಿದವರು ಓದಲಿಲ್ಲ. ಮಂಜೇಶ್ವರದಿಂದ ಹೊಸದುರ್ಗದವರೆಗೆ ಇಂಥ ಕಾರು ಹುಡುಕುತ್ತಿರುವ ಗೆಳೆಯರು ದಯವಿಟ್ಟು ಮುಂಗಡ ಕೊಡುವ ಮೊದಲು ಬಾನೆಟ್ ಎತ್ತಿಸಿ, ಬ್ಲಾಕ್ ಒರೆಸಿ, ಸಂಖ್ಯೆಯ ಫೋಟೊ ತೆಗೆದು ನನಗೆ ಕಳುಹಿಸಿ. ಎಷ್ಟು ಹೊತ್ತಾಗಿದ್ದರೂ ನೋಡಿ ಉತ್ತರಿಸುತ್ತೇನೆ.