ಎಷ್ಟು ಹೆರಬೇಕು, ಅಪ್ಪಣೆಯಾಗಲಿ

2026ರ ಜನವರಿ 1ರಿಂದ ಚೀನಾ ಸರ್ಕಾರ ಕಾಂಡೋಮಿಗೂ ಗರ್ಭನಿರೋಧಕ ಮಾತ್ರೆಗೂ ಶೇಕಡ 13 ತೆರಿಗೆ ಜಡಿದಿದೆ. 1993ರಿಂದ ಇದ್ದ ವಿನಾಯಿತಿ ರದ್ದು. ಸುದ್ದಿ ನೀವೂ ಓದಿರುತ್ತೀರಿ, ಗುಂಪಿಗೆ ಫಾರ್ವರ್ಡ್ ಮಾಡಿರುತ್ತೀರಿ, ಅದರ ಕೆಳಗೆ ಹಾಕಬಾರದ ಜೋಕನ್ನೂ ಹಾಕಿ ಭಾವಮೈದುನನ ಕೈಲಿ ಬೈಸಿಕೊಂಡಿರುತ್ತೀರಿ. ಮಗು ಸಾಕುವ ಖರ್ಚಿಗೆ ಹೆದರಿ ಕೂತವನು ಕಾಂಡೋಮಿನ ಮೇಲಿನ ನಾಲ್ಕು ಕಾಸಿನ ತೆರಿಗೆಗೆ ಹೆದರಿ ಅಪ್ಪನಾಗಿಬಿಡುತ್ತಾನೆ ಎಂದು ಲೆಕ್ಕ ಹಾಕಿದ ಮಹಾನುಭಾವ ಯಾರೋ, ಅವರ ಪಾದದ ಧೂಳು ಸಿಕ್ಕರೆ ನಮ್ಮ ಹಣಕಾಸು ಇಲಾಖೆಗೂ ಒಂದು ಪೊಟ್ಟಣ ಕಳಿಸಬೇಕು.

ಈ ಸುದ್ದಿ ಓದಿದ ಮೇಲೆ ನನ್ನ ತಲೆಯಲ್ಲಿ ಓಡಿದ್ದು ಚೀನಾದ ನಿರ್ದೇಶಕ ಝಾಂಗ್ ಯಿಮೌ ಅವರ ‘ಕರ್ಸ್ ಆಫ್ ದಿ ಗೋಲ್ಡನ್ ಫ್ಲವರ್’. 2006ರ ಚಿತ್ರ. ನಾಲ್ಕೂವರೆ ಕೋಟಿ ಡಾಲರ್ ಸುರಿದು ತೆಗೆದದ್ದು, ಆ ಹೊತ್ತಿಗೆ ಚೀನಾದ ಅತಿ ದುಬಾರಿ ಸಿನಿಮಾ. ಗೋಡೆ, ಕಂಬ, ಪರದೆ, ಬಟ್ಟಲು, ಸೈನಿಕನ ಎದೆಕವಚ, ರಾಣಿಯ ರೆಪ್ಪೆ, ಎಲ್ಲದರ ಮೇಲೂ ಬಂಗಾರ. ಅರ್ಧ ಗಂಟೆ ನೋಡುವಷ್ಟರಲ್ಲಿ ಅಕ್ಷಯ ತೃತೀಯದ ಒಡವೆ ಜಾಹೀರಾತನ್ನು ಯಾರೋ ನಿಲ್ಲಿಸಲು ಮರೆತಂತೆ ಅನಿಸುತ್ತದೆ.

ಕತೆಗೇನೂ ಬಡತನವಿಲ್ಲ. ಚಕ್ರವರ್ತಿಗೆ ಮೂವರು ಗಂಡುಮಕ್ಕಳು. ದೊಡ್ಡವನು ಮೊದಲ ಹೆಂಡತಿಯ ಮಗ. ಅವನಿಗೂ ಮಲತಾಯಿ ಮಹಾರಾಣಿಗೂ ಸಂಬಂಧ. ಅವನ ಕಣ್ಣೋ ಅರಮನೆ ವೈದ್ಯರ ಮಗಳ ಮೇಲೆ. ವಿಚಾರಿಸಿದರೆ ಆ ಹುಡುಗಿ ಅವನ ಹೆತ್ತ ತಾಯಿಯದೇ ಮಗಳು. ಸತ್ತಳೆಂದು ಎಲ್ಲರೂ ಕೈತೊಳೆದುಕೊಂಡಿದ್ದ ಮೊದಲ ಹೆಂಡತಿ ವೈದ್ಯರ ಮನೆಯಲ್ಲಿ ಸಂಸಾರ ಹೂಡಿದ್ದಾಳೆ. ಗೋತ್ರ ನೋಡುವ ಪುರೋಹಿತರು ಪಂಚಾಂಗ ಮುಚ್ಚಿ ಎದ್ದುಹೋಗುವ ಮಟ್ಟದ ನೆಂಟಸ್ತಿಕೆ. ಇದರ ನಡುವೆ ರಾಣಿಗೆ ಹೊತ್ತು ಹೊತ್ತಿಗೆ ಮದ್ದು. ಗಳಿಗೆ ಕೂಗುವವರು ಕೂಗುತ್ತಾರೆ, ಹಿಂದೆಯೇ ಸೇವಕರ ಸಾಲು, ತಟ್ಟೆಯಲ್ಲಿ ಬಟ್ಟಲು. ಬಟ್ಟಲಲ್ಲಿ ಪರ್ಷಿಯಾದ ಕಪ್ಪು ಅಣಬೆ ಸೇರಿಸಲು ಅಪ್ಪಣೆ ಕೊಟ್ಟಿರುವುದು ಸ್ವತಃ ಗಂಡ. ವಿಷವೆಂದು ಅವಳಿಗೂ ಗೊತ್ತಾಗಿದೆ. ಆದರೂ ಕುಡಿಯಬೇಕು. ಒಮ್ಮೆ ಅರ್ಧ ಬಿಟ್ಟಳೆಂದು ಮಕ್ಕಳ ಎದುರಿಗೇ ಕೂರಿಸಿ ಪೂರ್ತಿ ಕುಡಿಸುತ್ತಾನೆ. ಜೊತೆಗೆ ಪ್ರವಚನ ಬೇರೆ: ಆಕಾಶ ದುಂಡಗಿದೆ, ಭೂಮಿ ಚೌಕವಾಗಿದೆ, ದೊರೆ-ಮಂತ್ರಿ, ತಂದೆ-ಮಗ, ಎಲ್ಲರೂ ಅವರವರ ಜಾಗದಲ್ಲಿರಬೇಕು.

ಕೊನೆಗೆ ಏನಾಗುತ್ತದೆ? ಕಿರಿಯವನು ಹಿರಿಯವನನ್ನು ಇರಿಯುತ್ತಾನೆ. ಅಪ್ಪ ಸೊಂಟದ ಬಂಗಾರದ ಪಟ್ಟಿ ಬಿಚ್ಚಿ ಕಿರಿಯವನನ್ನು ಹೊಡೆದೇ ಕೊಲ್ಲುತ್ತಾನೆ. ತಾಯಿಯ ಪರ ದಂಗೆಯೆದ್ದು ಸೋತ ನಡುವಿನವನು ತನ್ನ ಕೈಯಾರೆ ಸಾಯುತ್ತಾನೆ. ಚೀನಾ 2021ರಲ್ಲಿ ತಂದ ಮೂರು ಮಕ್ಕಳ ನೀತಿಯನ್ನು ಅದಕ್ಕೂ ಮೊದಲೇ ಇಷ್ಟು ಅದ್ದೂರಿಯಾಗಿ ಜಾರಿಗೆ ತಂದು, ಒಂದೇ ರಾತ್ರಿಯಲ್ಲಿ ಇಷ್ಟು ಪರಿಪೂರ್ಣವಾಗಿ ಹಿಂಪಡೆದ ಇನ್ನೊಬ್ಬ ಆಡಳಿತಗಾರನನ್ನು ನಾನಂತೂ ಕಂಡಿಲ್ಲ.

ಈ ಚಿತ್ರ ಬಂದಾಗ ಚೀನಾದಲ್ಲಿ ಆದ ದೊಡ್ಡ ಚರ್ಚೆ ವಿಷದ್ದಲ್ಲ, ಮಲತಾಯಿಯದ್ದೂ ಅಲ್ಲ. ರಾಣಿಯಿಂದ ದಾಸಿಯರವರೆಗೆ ಎಲ್ಲರ ರವಿಕೆ ಎಷ್ಟು ಬಿಗಿ, ಎಷ್ಟು ಇಳಿಕೆ ಎಂಬುದು. ಆಗ ಅದನ್ನು ಯಾರೂ ಕತ್ತರಿಸಲಿಲ್ಲ. ವೇಷಭೂಷಣಕ್ಕೆ ಆಸ್ಕರ್ ನಾಮನಿರ್ದೇಶನವೇ ಬಂತು. ಎಂಟು ವರ್ಷ ಕಳೆಯಿತು ನೋಡಿ, ಹುನಾನ್ ಟಿವಿಯಲ್ಲಿ ‘ದಿ ಎಂಪ್ರೆಸ್ ಆಫ್ ಚೀನಾ’ ಧಾರಾವಾಹಿ. ನಟಿ ಫ್ಯಾನ್ ಬಿಂಗ್‌ಬಿಂಗ್ ಸಾಮ್ರಾಜ್ಞಿ ವೂ ಪಾತ್ರದಲ್ಲಿ. 2014ರ ಡಿಸೆಂಬರ್ ಕೊನೆಯಲ್ಲಿ ‘ತಾಂತ್ರಿಕ ಕಾರಣ’ಕ್ಕೆ ಪ್ರಸಾರ ನಿಂತಿತು. ನಾಲ್ಕು ದಿನಕ್ಕೆ ತಾಂತ್ರಿಕ ಕಾರಣ ಸರಿಹೋಗಿ ವಾಪಸು ಬಂದಾಗ ಧಾರಾವಾಹಿಯಲ್ಲಿ ಯಾರಿಗೂ ಕತ್ತಿನಿಂದ ಕೆಳಗೆ ಏನೂ ಇರಲಿಲ್ಲ! ಎದೆ ಕಾಣಬಾರದೆಂದು ಪ್ರತಿ ದೃಶ್ಯವನ್ನೂ ಹಿಗ್ಗಿಸಿ ಮುಖವಷ್ಟೇ ಉಳಿಸಿದ್ದರು. ಅಂತಃಪುರ ತುಂಬ ಬರೀ ತಲೆಗಳು. ತಲೆ ಬರುತ್ತದೆ, ತಲೆ ಹೋಗುತ್ತದೆ, ತಲೆ ತಲೆಗೆ ಪಿತೂರಿ ಹೇಳುತ್ತದೆ. ಸುಮಾರು 30 ಕೋಟಿ ಯುವಾನ್ ಖರ್ಚು ಮಾಡಿ ಹೊಲಿಸಿದ ರೇಷ್ಮೆ, ಕಟ್ಟಿಸಿದ ಸೆಟ್ಟು ಎಲ್ಲ ಚೌಕಟ್ಟಿನಾಚೆ. ಆ ಮುಖಗಳನ್ನು ಹಿಗ್ಗಿಸಲು ಕೂತ ಎಡಿಟರ್ ಪಾಪದವನನ್ನು ನೆನೆದರೆ ಅಯ್ಯೋ ಅನಿಸುತ್ತದೆ. ಕಂತು ಕಂತಾಗಿ ಕೂತು, ಪ್ರತಿ ಚೌಕಟ್ಟಿನಲ್ಲೂ ಎದೆ ಹುಡುಕುವುದೇ ಸರ್ಕಾರಿ ಸೇವೆ.

ಅದೇ ಫ್ಯಾನ್ ಬಿಂಗ್‌ಬಿಂಗ್ 2018ರಲ್ಲಿ ಮೂರು ತಿಂಗಳು ಎಲ್ಲೂ ಕಾಣಲಿಲ್ಲ. ಈ ಸಲ ತಲೆಯೂ ಇಲ್ಲ. ಅಕ್ಟೋಬರಿನಲ್ಲಿ ಪ್ರತ್ಯಕ್ಷರಾದಾಗ ಕೈಯಲ್ಲಿ ಸುಮಾರು 88 ಕೋಟಿ ಯುವಾನಿನ ತೆರಿಗೆ-ದಂಡದ ನೋಟಿಸು, ಬಾಯಲ್ಲಿ ಪಕ್ಷದ ಒಳ್ಳೆಯ ನೀತಿಗಳಿಲ್ಲದಿದ್ದರೆ ತಾನೇ ಇರುತ್ತಿರಲಿಲ್ಲ ಎಂಬ ಕ್ಷಮಾಪಣೆ. ತೆರಿಗೆ ತಪ್ಪಿಸಿದ್ದು ತಪ್ಪೇ, ಕಟ್ಟಲಿ. ಆದರೆ ತೆರಿಗೆ ಕಟ್ಟುವವರು ಸ್ತೋತ್ರವನ್ನೂ ಹೇಳಬೇಕು ಎಂಬುದು ಯಾವ ಕಲಮಿನಲ್ಲಿದೆಯೋ.

ಎಲ್ಲಿದ್ದೆ? ಹಾಂ, ಮೂರು ಮಕ್ಕಳು.

ಚಕ್ರವರ್ತಿಗೆ ಮೂವರು ಮಕ್ಕಳಿದ್ದಂತೆ ನಿರ್ದೇಶಕರಿಗೂ ಈಗಿನ ಪತ್ನಿಯಲ್ಲಿ ಮೂವರು. ಮೂರನೆಯದು ಹುಟ್ಟಿದ್ದು 2006ರಲ್ಲೇ. ದೇಶದಲ್ಲಿ 1980ರಿಂದ ಒಂದೇ ಮಗುವಿನ ಕಟ್ಟಪ್ಪಣೆ. 2013ರಲ್ಲಿ ಗುಸುಗುಸು ಎದ್ದಿತು, ಏಳು ಮಕ್ಕಳಂತೆ ಎಂದು. ವೂಶಿ ನಗರದ ಕುಟುಂಬ ಯೋಜನೆ ಅಧಿಕಾರಿಗಳು ಬೀಜಿಂಗಿಗೇ ಸಿಬ್ಬಂದಿ ಕಳಿಸಿದರು, ಆಸಾಮಿ ಸಿಗಲಿಲ್ಲವಂತೆ. ಐದು ವರ್ಷದ ಹಿಂದಷ್ಟೇ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ ಮಾಡಿಸಿ ಇಡೀ ಜಗತ್ತಿಗೆ ತೋರಿಸಿದ ಮನುಷ್ಯ! ಅವರು ಎಲ್ಲಿದ್ದಾರೆ ಎಂದು ಸರ್ಕಾರಕ್ಕೇ ಗೊತ್ತಿರಲಿಲ್ಲ. ಕೊನೆಗೆ ಅವರೇ ತಪ್ಪೊಪ್ಪಿಕೊಂಡರು: ಏಳಲ್ಲ, ಎರಡು ಗಂಡು, ಒಂದು ಹೆಣ್ಣು. 2014ರಲ್ಲಿ ಬಿಲ್ ಬಂತು, ಸುಮಾರು 75 ಲಕ್ಷ ಯುವಾನ್. ಮಕ್ಕಳು ಹುಟ್ಟುವ ಹಿಂದಿನ ವರ್ಷ ಗಂಡಹೆಂಡಿರ ಆದಾಯ ಎಷ್ಟಿತ್ತು ಎಂದು ಹಳೇ ಲೆಕ್ಕ ತೆಗೆದು, ಅದರ ಮೇಲೆ ಹಾಕಿದ ದಂಡ. ಕಟ್ಟಿದರು. ಕಟ್ಟಲು ಇತ್ತು, ಕಟ್ಟಿದರು.

ಇಲ್ಲಿಯವರೆಗೆ ನಗಬಹುದು.

2012ರ ಜೂನಿನಲ್ಲಿ ಶಾಂಕ್ಷಿ ಪ್ರಾಂತ್ಯದ ಆಂಕಾಂಗ್ ಕಡೆ ಏಳು ತಿಂಗಳ ಗರ್ಭಿಣಿಯೊಬ್ಬಳನ್ನು ಅಧಿಕಾರಿಗಳು ಆಸ್ಪತ್ರೆಗೆ ಎಳೆದೊಯ್ದು ಚುಚ್ಚುಮದ್ದು ಹಾಕಿಸಿ ಗರ್ಭಪಾತ ಮಾಡಿಸಿದರು. ಎರಡನೇ ಮಗು. ಕಟ್ಟಬೇಕಿದ್ದ ದಂಡ 40,000 ಯುವಾನ್. ಆ ಮನೆಯವರ ಹತ್ತಿರ ಇರಲಿಲ್ಲ. ಹಾಸಿಗೆಯ ಮೇಲೆ ತಾಯಿ, ಪಕ್ಕದಲ್ಲಿ ಸತ್ತ ಕೂಸು. ಆ ಫೋಟೋ ಹೊರಬಿದ್ದ ಮೇಲಷ್ಟೇ ಸರ್ಕಾರಕ್ಕೆ ನಾಚಿಕೆ ಹುಟ್ಟಿತು. ಒಂದಿಬ್ಬರು ಅಧಿಕಾರಿಗಳ ಕೆಲಸ ಹೋಯಿತು, ಸುಮಾರು 70,000 ಯುವಾನ್ ಪರಿಹಾರ ಕೊಟ್ಟು ಕಡತ ಮುಚ್ಚಿದರು. ಫೋಟೋ ಇಲ್ಲದ ಹೆಂಗಸರ ಲೆಕ್ಕ ಯಾರ ಹತ್ತಿರ ಇದೆ? 1983ರ ಒಂದೇ ವರ್ಷದಲ್ಲಿ ಎರಡು ಕೋಟಿಗೂ ಮೀರಿ ಸಂತಾನಹರಣ ಚಿಕಿತ್ಸೆ ನಡೆಸಿದ ದೇಶ ಅದು. ಇದನ್ನು ವಿಡಂಬನೆ ಮಾಡುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ. ಸುಸ್ತಾಗುತ್ತದೆ, ಅಷ್ಟೆ.

ಝಾಂಗ್ ಯಿಮೌ ಹುಟ್ಟಿದ್ದು ಅದೇ ಶಾಂಕ್ಷಿಯ ಷಿಯಾನ್‌ನಲ್ಲಿ. 1992ರಲ್ಲಿ ಅಲ್ಲಿಯದೇ ಹಳ್ಳಿಯಲ್ಲಿ ‘ದಿ ಸ್ಟೋರಿ ಆಫ್ ಕ್ಯು ಜು’ ತೆಗೆದವರು ಅವರೇ. ಗ್ರಾಮದ ಮುಖಂಡ ಗಂಡನಿಗೆ ಒದೆಯಬಾರದ ಕಡೆ ಒದ್ದನೆಂದು ಒಬ್ಬ ಬಸುರಿ ದೊಡ್ಡ ಹೊಟ್ಟೆ ಹೊತ್ತು ಕಚೇರಿಯಿಂದ ಕಚೇರಿಗೆ ಅಲೆಯುವ ಕತೆ. ಪರಿಹಾರದ ದುಡ್ಡು ಅವಳಿಗೆ ಬೇಡ, ತಪ್ಪಾಯಿತು ಎಂಬ ಮಾತು ಬೇಕು. ಆ ಬಸುರಿಯಾಗಿ ಗೊಂಗ್ ಲಿ. ಚಿನ್ನದ ಅರಮನೆಯಲ್ಲಿ ವಿಷ ಕುಡಿಯುವ ರಾಣಿಯೂ ಅವರೇ. ಹತ್ತಿ ತುಂಬಿದ ದಪ್ಪ ಕೋಟಿನ ಚಿತ್ರಕ್ಕೆ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಬಂತು. ಬಂಗಾರದ ಚಿತ್ರಕ್ಕಿಂತ ನನಗೆ ಆ ಹತ್ತಿಯ ಕೋಟೇ ಇಷ್ಟ, ಆದರೆ ಆ ಮಾತು ಇಲ್ಲಿ ಬೇಡ.

ಬಂಗಾರದ ಚಿತ್ರದಲ್ಲಿ ಒಂದು ದೃಶ್ಯವಿದೆ, ಅದಕ್ಕೆ ಮಾತ್ರ ಟಿಕೆಟ್ ದುಡ್ಡು ವಸೂಲು. ದಂಗೆಯ ಸೈನಿಕರನ್ನೆಲ್ಲ ಅಂಗಳದಲ್ಲಿ ಕೊಂದು ಹಾಕಿದ ಮೇಲೆ ಅರಮನೆಯ ಆಳುಗಳು ಸಾಲಾಗಿ ಬರುತ್ತಾರೆ. ಹೆಣ ಎಳೆಯುತ್ತಾರೆ, ನೆಲಕ್ಕೆ ನೀರು ಹೊಡೆಯುತ್ತಾರೆ, ರಕ್ತ ಗುಡಿಸುತ್ತಾರೆ, ಹೊಸ ಜಮಖಾನ ಉರುಳಿಸುತ್ತಾರೆ, ಹೊಸ ಸೇವಂತಿಗೆ ಕುಂಡಗಳನ್ನು ಜೋಡಿಸುತ್ತಾರೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಬ್ಬದ ಬಾಣ ಬಿರುಸು ಶುರು. ಒಂದು ಎಸಳೂ ಆಚೀಚೆ ಇಲ್ಲ. 1989ರ ಜೂನ್, ತಿಯಾನನ್ಮೆನ್ ಚೌಕ ನೆನಪಾಯಿತೇ? ಛೆ, ಹಾಗೆಲ್ಲ ನೆನಪಾಗಬಾರದು.

ಕುಟುಂಬ ಯೋಜನೆಯನ್ನೂ ಹೀಗೆಯೇ ತೊಳೆದರು. 2016ಕ್ಕೆ ಎರಡು ಮಕ್ಕಳು ಆಗಬಹುದು. 2021ರ ಮೇ 31ಕ್ಕೆ ಮೂರೂ ಆಗಬಹುದು, ದಂಡವೂ ಇಲ್ಲ. 2025ರಿಂದ ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಸಹಾಯಧನ. ಹಿಂದೆ ಬಸುರಿಯರನ್ನು ಹುಡುಕಿಕೊಂಡು ಮನೆ ಮನೆ ತಿರುಗುತ್ತಿದ್ದ ವ್ಯವಸ್ಥೆ ಈಗ ಹೊಸದಾಗಿ ಮದುವೆಯಾದವಳಿಗೆ ಫೋನ್ ಮಾಡಿ ‘ಏನಮ್ಮಾ, ವಿಶೇಷ ಏನಾದರೂ ಉಂಟಾ?’ ಎಂದು ವಿಚಾರಿಸುತ್ತದೆ. ಅತ್ತೆ ಕೇಳಿದರೇ ಸಿಟ್ಟು ಬರುವ ಪ್ರಶ್ನೆ. ಇನ್ನು ಸರ್ಕಾರವೇ ಅತ್ತೆಯಾದರೆ? ಹೆಣ್ಣುಮಕ್ಕಳು ಫೋನ್ ಇಟ್ಟುಬಿಟ್ಟಿದ್ದಾರೆ. 2016ರಲ್ಲಿ ಸುಮಾರು 1.79 ಕೋಟಿ ಮಕ್ಕಳು ಹುಟ್ಟಿದ್ದ ದೇಶದಲ್ಲಿ 2023ರಲ್ಲಿ ಹುಟ್ಟಿದ್ದು 90 ಲಕ್ಷ. ಒಂದಕ್ಕಿಂತ ಹೆಚ್ಚು ಹೆರುವುದು ದೇಶದ್ರೋಹ ಎಂದು ಮೂವತ್ತೈದು ವರ್ಷ ಕಲಿಸಿದ ಪಾಠವನ್ನು ಮಕ್ಕಳು ಮೇಷ್ಟರಿಗಿಂತ ಚೆನ್ನಾಗಿ ಕಲಿತುಬಿಟ್ಟರು.

ಗಡಿಯ ಈಚೆ ಕೂತು ನಗುವವರು ಸ್ವಲ್ಪ ಮೆಲ್ಲಗೆ ನಗಿ. ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ 80 ಲಕ್ಷಕ್ಕೂ ಹೆಚ್ಚು ಜನರಿಗೆ ಕತ್ತರಿ ಹಾಕಿದವರು ನಾವು. ಪಕ್ಕದ ಆಂಧ್ರದಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಕಾನೂನಿತ್ತು. 2024ರಲ್ಲಿ ಚಂದ್ರಬಾಬು ನಾಯ್ಡು ಅವರು ಎರಡಕ್ಕಿಂತ ಹೆಚ್ಚಿದ್ದವರಷ್ಟೇ ನಿಲ್ಲುವಂತೆ ಕಾನೂನು ಮಾಡುವ ಮಾತಾಡಿದರು. ಜನ ಕಡಿಮೆಯಾದರೆ ಕ್ಷೇತ್ರ ಮರುವಿಂಗಡಣೆಯಲ್ಲಿ ಸಂಸತ್ತಿನ ಸೀಟೂ ಕಡಿಮೆಯಾದೀತೆಂಬ ಭಯ, ಅದು ಕರ್ನಾಟಕಕ್ಕೂ ಇದೆ. ಗೋಡೆಯ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನವನ್ನು ತಲೆಕೆಳಗು ಮಾಡಿ ಬರೆಸಲು ಹೆಚ್ಚೇನೂ ಖರ್ಚಾಗುವುದಿಲ್ಲ, ಬಣ್ಣ ಹೇಗೂ ಅದೇ.

ಝಾಂಗ್ ಯಿಮೌ ಅವರನ್ನು 2022ರ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಗೆ ಮತ್ತೆ ಕರೆದರು. ಈ ಸಲ ಸರ್ಕಾರಕ್ಕೆ ಅವರ ವಿಳಾಸ ಸಿಕ್ಕಿತ್ತು. ಅದಕ್ಕೂ ಮುಂಚೆ, ಮೂರು ಮಕ್ಕಳ ನೀತಿ ಘೋಷಣೆಯಾದ ದಿನವೇ ಅವರ ಪತ್ನಿ ಆ ಸುದ್ದಿಯನ್ನು ವೈಬೋ ಎಂಬ ಚೀನೀ ಜಾಲತಾಣದಲ್ಲಿ ಹಂಚಿಕೊಂಡು, ಕೊಟ್ಟ ಕೆಲಸ ಅವಧಿಗೆ ಮೊದಲೇ ಮುಗಿಸಿದ್ದೇವೆ ಎಂದು ಒಂದು ಸಾಲು ಬರೆದರು. ದಂಡದ ದುಡ್ಡು ವಾಪಸು ಕೊಡುತ್ತಾರಾ ಎಂದು ಜನ ಅವರ ಪರವಾಗಿ ವಿಚಾರಿಸಿದರು. ನಮ್ಮ ಬೆಂಗಳೂರಿನಲ್ಲಾದರೆ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿ ಮುಗಿಸಿದವರಿಗೆ ಶೇಕಡ 5 ರಿಯಾಯಿತಿ ಇದೆ.